ಪೇಟ ಎತ್ತುವ ಹೊಟ್ಟೆಬಾಕ

"ಕೇಳ್ರಪ್ಪೋ ಕೇಳಿ! ಉದ್ದಂಡರಸರ ಮಗಳು ಪದುಮಲೆ ಮೂರು ಒಗಟು ಒಡ್ಡುತ್ತಾಳೆ. ಮೂರನ್ನೂ ಬಿಡಿಸಿದವನು ಅವಳ ಕೈ ಹಿಡಿಯಬಹುದು. ಒಂದು ತಪ್ಪಿದರೂ ತಲೆ ಇಲ್ಲೇ ಬಿಟ್ಟು ಹೋಗತಕ್ಕದ್ದು!"

ಕೆಂಡಾಪುರದ ಬೀದಿಬೀದಿಯಲ್ಲಿ ಹೀಗೆ ಡಂಗುರ ಹೊಡೆಸಿದರು. ಹೊಡೆದವನ ತಮಟೆ ಕಾಯಿಸಿಕೊಟ್ಟದ್ದು ನಿಮ್ಮ ಈ ಸೋದರಮಾವನೇ, ಮಕ್ಕಳೇ. ಆ ಸದ್ದಿಗೆ ಪಕ್ಕದ ರಾಜ್ಯದ ಕೋಟೆ ಬಿರುಕು ಬಿಟ್ಟಿತು. ನಂಬಿಕೆ ಇಲ್ಲದಿದ್ದರೆ ನಿಮ್ಮ ಅತ್ತೆಯನ್ನು ಕೇಳಿ. ಅವಳು ಆಗಿನ್ನೂ ಹುಟ್ಟಿರಲಿಲ್ಲ, ಅದಕ್ಕೇ ಪಕ್ಷಪಾತವಿಲ್ಲದೆ ಹೇಳುತ್ತಾಳೆ.

ದೇಶದೇಶದ ರಾಜಕುಮಾರರು ಬಂದಿಳಿದರು. ಅರಮನೆಯ ಭೋಜನಶಾಲೆಯಲ್ಲಿ ಊಟ ಮುಗಿದ ಮೇಲೆ ಪದುಮಲೆ ಎದ್ದು ನಿಂತಳು.

"ಮೊದಲನೆಯದು ಕೇಳಿ. ಒಬ್ಬನಿದ್ದಾನೆ. ಹಲ್ಲಿಲ್ಲ, ನಾಲಿಗೆಯಿಲ್ಲ. ಮನೆಯವರೆಲ್ಲ ಬಿಟ್ಟ ಎಂಜಲನ್ನು ನೆಲದಲ್ಲಿ ಹೂತು ಕೂತೇ ಉಣ್ಣುತ್ತಾನೆ. ಹೊಟ್ಟೆ ತುಂಬಿತೋ, ತಲೆಯ ಪೇಟ ಮೆಲ್ಲಗೆ ಮೇಲೆತ್ತುತ್ತಾನೆ. ಯಾರವನು?"

ದಪ್ಪ ಮೀಸೆಯ ರಾಜಕುಮಾರನೊಬ್ಬ ತೊಡೆ ತಟ್ಟಿದ. "ಇದೇನು ಮಹಾ! ನನ್ನ ಭಾವಮೈದ!"

"ಅವರಿಗೆ ಹಲ್ಲಿಲ್ಲವೇ?"

"ಇದೆ. ನಿನ್ನೆ ನನ್ನನ್ನೇ ಕಚ್ಚಿದ."

ಅವನನ್ನು ಸೆರೆಮನೆಗೆ ಕರೆದೊಯ್ದರು. ಕವಿಯೂ ಆಗಿದ್ದ ಇನ್ನೊಬ್ಬ ಕಣ್ಣು ಮುಚ್ಚಿ, "ಕಾಲ! ಎಲ್ಲವನ್ನೂ ತಿನ್ನುವ ಕಾಲ!" ಎಂದ.

"ಕಾಲಕ್ಕೆ ಪೇಟ ಸುತ್ತಿದವರು ಯಾರು, ಸ್ವಾಮಿ?" ಅಂದಳು ಪದುಮಲೆ. ಅವನೂ ಹೋದ. ಉಳಿದವರೂ ಏನೇನೋ ಒದರಿ ಸಾಲಾಗಿ ಅದೇ ದಾರಿ ಹಿಡಿದರು. ತಲೆಗಳು ಉಳಿದದ್ದು ಒಂದೇ ಕಾರಣಕ್ಕೆ: ತಳವಾರನ ಕತ್ತಿ ತುಕ್ಕು ಹಿಡಿದು ಸಾಣೆಗೆ ಹೋಗಿತ್ತು.

ಅಷ್ಟರಲ್ಲಿ ಊಟದ ಸಾಲಿನಿಂದ ಯಾರೋ ಕಿಸಕ್ಕನೆ ನಕ್ಕರು. ನೋಡಿದರೆ, ಎಂಜಲೆಲೆ ಎತ್ತುವ ಬೊಮ್ಮ. "ಅಯ್ಯೋ, ಅವನು ನಮ್ಮ ಗುಡಿಸಲ ಹಿತ್ತಲಲ್ಲೇ ಇದ್ದಾನಲ್ಲ!" ಎಂಬ ಮಾತು ಬಾಯಿಂದ ಜಾರಿಬಿಟ್ಟಿತ್ತು.

"ಬಾಯಿಬಿಟ್ಟೆಯಾ? ಹಾಗಾದರೆ ನೀನೂ ಪಣಕ್ಕೆ ಸೇರಿದೆ," ಎಂದ ರಾಜ.

ಬೊಮ್ಮ ಎಂಜಲೆಲೆಗಳನ್ನೇ ಎದೆಗವಚಿಕೊಂಡ. "ಬುದ್ಧಿ, ನನಗೆ ಮದುವೆ ಬೇಡ, ತಲೆ ಸಾಕು..."

"ಉತ್ತರ ಹೇಳು!"

"ಗ್ಯಾಸಿನ ಗುಂಡಿ, ಬುದ್ಧಿ. ಹೂತಿಟ್ಟ ಮಣ್ಣಿನ ಗುಡಾಣದಲ್ಲಿ ತರಕಾರಿ ಸಿಪ್ಪೆ, ಮಿಕ್ಕಿದ ಅನ್ನ, ಸೊಪ್ಪುಸದೆ ಎಲ್ಲ ನೀರಲ್ಲಿ ಕಲಸಿ ಹಾಕ್ತೀವಿ. ಮೇಲೊಂದು ಹಂಡೆ ಬೋರಲು. ಒಳಗೆ ಗ್ಯಾಸ್ ಕೂಡಿದ ಹಾಗೆ ಹಂಡೆ ಮೇಲೇಳುತ್ತೆ."

ಪದುಮಲೆಯ ಕಣ್ಣು ಮಿನುಗಿತು. "ಎರಡನೆಯದು. ಅವನಿಗೊಬ್ಬ ಮಗಳು. ಕಣ್ಣಿಗೆ ಕಾಣಳು, ಕೈಗೆ ಸಿಗಳು, ಬಿದಿರಿನ ಓಣಿಯಲ್ಲಿ ನಡೆದು ಅಡುಗೆಮನೆಗೆ ಬರುತ್ತಾಳೆ. ಬಂದ ಮೇಲೆ ನೀಲಿ ಸೀರೆ ಉಡುತ್ತಾಳೆ. ಅವಳಿದ್ದ ಮನೆಯಲ್ಲಿ ಅಡುಗೆಯವರು ಅಳುವುದಿಲ್ಲ."

"ಆ ಗ್ಯಾಸೇ, ಅಮ್ಮಣ್ಣಿ. ಬಿದಿರಿನ ಕೊಳವೆಯಲ್ಲಿ ಒಲೆಗೆ ಬರುತ್ತೆ. ಹಚ್ಚಿದರೆ ನೀಲಿ ಉರಿ. ಹೊಗೆ ಇಲ್ಲ, ಕಣ್ಣೀರಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ನನ್ನ ಚಪ್ಪಾಳೆಗೆ ಎರಡು ಕಂಬ ವಾಲಿದವು, ಆ ಮಾತು ಬಿಡಿ.

"ಮೂರನೆಯದು," ಪದುಮಲೆಯ ದನಿ ಇಳಿಯಿತು. "ಆ ಹೊಟ್ಟೆಬಾಕನಿಗೆ ಯಾರೂ ಹೊಡೆದಿಲ್ಲ, ಬೈದಿಲ್ಲ. ಕಳೆದ ಹಬ್ಬದಲ್ಲಿ ಹೊಟ್ಟೆ ಬಿರಿಯ ಬಡಿಸಿದೆ. ಅಂದಿನಿಂದ ಮುನಿಸಿಕೊಂಡಿದ್ದಾನೆ. ಪೇಟ ಎತ್ತುವುದಿಲ್ಲ, ಮಗಳನ್ನು ಕಳಿಸುವುದಿಲ್ಲ. ಅವನಿಗೇನಾಗಿದೆ?"

ಬೊಮ್ಮ ತಲೆ ಕೆರೆದುಕೊಂಡ. "ಅಮ್ಮಣ್ಣಿ, ಇದಕ್ಕೆ ಉತ್ತರ ನಿಮಗೆ ಗೊತ್ತಾ?"

"ಗೊತ್ತಿದ್ದರೆ ಡಂಗುರ ಯಾಕೆ ಹೊಡೆಸುತ್ತಿದ್ದೆ?"

ರಾಜ ಕೂತ ಪೀಠದಿಂದ ಜಾರಿದ. ಪದುಮಲೆ ಎಲ್ಲವನ್ನೂ ಹೇಳಿದಳು. ಹೊಗೆಯಲ್ಲಿ ಅಡುಗೆಯವರು ಕಣ್ಣು ಉಜ್ಜಿಕೊಳ್ಳುವುದು ನೋಡಲಾರದೆ, ಊರಾಚೆಯ ಯಾವುದೋ ಗುಡಿಸಲಿನಲ್ಲಿ ಇಂಥದ್ದಿದೆ ಎಂದು ದಾಸಿ ಹೇಳಿದ್ದನ್ನು ಕೇಳಿ, ಅರಮನೆಯ ಹಿತ್ತಲಲ್ಲಿ ತಾನೇ ಗುಂಡಿ ಮಾಡಿಸಿದ್ದಳಂತೆ. ಯಾರ ಗುಡಿಸಲು ಎಂದು ಕೇಳುವ ಮೊದಲೇ ದಾಸಿ ತವರಿಗೆ ಹೊರಟಿದ್ದಳು.

"ಹಬ್ಬದಲ್ಲಿ ಏನೇನು ಹಾಕಿದಿರಿ?" ಬೊಮ್ಮ ಕೇಳಿದ.

"ಚಿತ್ರಾನ್ನಕ್ಕೆ ಹಿಂಡಿದ ನಿಂಬೆಹೋಳು, ಗಾಡಿಗಟ್ಟಲೆ. ಮಿಕ್ಕ ಹುಳಿಸಾರು. ಕೆಟ್ಟ ಉಪ್ಪಿನಕಾಯಿ ಎರಡು ಜಾಡಿ."

"ಹುಳಿ ಹೆಚ್ಚಾಗಿದೆ, ಅಮ್ಮಣ್ಣಿ! ಹುಳಿತೇಗು ಬಂದವನು ಊಟ ಮಾಡ್ತಾನಾ? ನಾನೂ ಒಮ್ಮೆ ಹುಳಿಮಜ್ಜಿಗೆ ಸುರಿದು ಅವ್ವನ ಕೈಲಿ ಬೈಸಿಕೊಂಡಿದ್ದೆ."

"ಹೇಳಿದರೆ ಆಗಲಿಲ್ಲ, ಉರಿಸಿ ತೋರಿಸು," ಎಂದ ರಾಜ. "ಕತ್ತಿ ಸಾಣೆಯಿಂದ ಬರುವವರೆಗೆ ಗಡುವು."

ಬೊಮ್ಮ ಗುಂಡಿಗೆ ಊಟ ನಿಲ್ಲಿಸಿದ. ಹುಳಿ ಮುರಿಯಲು ಒಲೆಯ ಬೂದಿ ಕಲಸಿದ ನೀರು ಸ್ವಲ್ಪ ಸ್ವಲ್ಪವೇ ಬಿಟ್ಟ. ಹಸಿ ಸಗಣಿ ಕದಡಿ ಹಾಕಿದ. ಪದುಮಲೆಯೂ ಸೆರಗು ಸಿಕ್ಕಿಸಿ ಜೊತೆಗೆ ಕಲಸಿದಳು. ದಿನಗಳು ಉರುಳಿದವು. ಹಂಡೆ ಮಿಸುಕಲಿಲ್ಲ. ಅತ್ತ ಸಾಣೆಕಲ್ಲಿನ ಕರಕರ ಸದ್ದು ಕೇಳಿದಾಗಲೆಲ್ಲ ಬೊಮ್ಮ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಕೊನೆಗೆ ತಳವಾರ ಫಳಫಳ ಹೊಳೆಯುವ ಕತ್ತಿ ಹಿಡಿದು ಬಂದೇಬಿಟ್ಟ. "ಬಾರಪ್ಪ ಬೊಮ್ಮ, ಬೇಜಾರು ಮಾಡಿಕೊಳ್ಳಬೇಡ."

"ಸ್ವಲ್ಪ ಇರಿ!" ಪದುಮಲೆ ಕೂಗಿದಳು. "ಹಂಡೆ ನೋಡಿ!"

ಹಂಡೆ ನಾಚಿದವನ ಪೇಟದಂತೆ ಒಂದು ಗೇಣು ಮೇಲೆದ್ದಿತ್ತು. ಎಲ್ಲರೂ ಅಡುಗೆಮನೆಗೆ ಓಡಿದರು. ಬೊಮ್ಮ ಒಲೆಗೆ ಕೊಳ್ಳಿ ಹಿಡಿದ. ಭಪ್! ನೀಲಿ ಉರಿ. ಮುದುಕಿ ಅಡುಗೆಯವಳು ಒಲೆಯ ಮುಂದೆ ಕಣ್ಣರಳಿಸಿ ಕೂತಳು. ಅಂದು ಆ ಉರಿಯ ಮೇಲಿಟ್ಟು ಉಕ್ಕಿಸಿದ ಹಾಲಿನಲ್ಲಿ ಒಂದು ಕೊಪ್ಪರಿಗೆ ನಾನೊಬ್ಬನೇ ಕುಡಿದೆ.

"ಏನು ಬೇಕು ಕೇಳು," ಎಂದ ರಾಜ.

"ಸೆರೆಯಲ್ಲಿರುವವರನ್ನು ಬಿಡಿ, ಬುದ್ಧಿ. ಊರಿಗೆಲ್ಲ ಗುಂಡಿ ತೋಡಬೇಕು, ಆಳು ಬೇಕು."

ಮೀಸೆಯ ರಾಜಕುಮಾರ ಹಾರೆ ಹಿಡಿದ. ಕವಿ ಮನೆಮನೆಯ ಸಿಪ್ಪೆ ಕೂಡಿಸುವಾಗ ಹಾಡು ಕಟ್ಟಿದ. ತಲೆ ಉಳಿದವರ ಹಾಡು ಎಷ್ಟು ಚೆನ್ನಾಗಿರುತ್ತದೆ, ಗೊತ್ತಾ?

"ಮತ್ತೆ ನನ್ನ ಕೈ ಹಿಡಿಯುವ ಮಾತು?" ಪದುಮಲೆ ಕೇಳಿದಳು.

ಬೊಮ್ಮ ಕೆಂಪಾದ. "ಅವ್ವನ್ನ ಕೇಳಬೇಕು."

ಅವ್ವ ಸಿದ್ದವ್ವನನ್ನು ಪಲ್ಲಕ್ಕಿಯಲ್ಲಿ ಕರೆಸಿದರು. ಆಕೆ ರಾಜನನ್ನೂ ನೋಡಲಿಲ್ಲ, ಒಡವೆಯನ್ನೂ ನೋಡಲಿಲ್ಲ. "ಹುಡುಗಿಗೆ ಸಗಣಿ ಕಲಸೋಕೆ ಬರುತ್ತೇನ್ರವ್ವಾ?" ಎಂದಳು.

ಪದುಮಲೆ ಎರಡೂ ಕೈ ಮುಂದೆ ಚಾಚಿದಳು. ಮೊಣಕೈವರೆಗೂ ಹಸಿರು.

"ಇನ್ನೇನು ನೋಡ್ತೀರಿ?" ಸಿದ್ದವ್ವ ರಾಜನ ಕಡೆ ತಿರುಗಿದಳು. "ಓಲಗದವರನ್ನು ಕರೆಸಿ, ಬೀಗರೇ!"