ದಾರಿ ಮುಚ್ಚಿದಾಗ ಬಾಗಿದ ಕೊಡ

“ಅಮ್ಮಾ, ಕೊಡಲು ಕೈ ಬಾರದವಳನ್ನು ದೇಹ ಏಕೆ ಸಾಕಿಕೊಂಡಿದೆ?” ಎಂದು ರುದ್ರಾಣಿ ಕೇಳಿದಳು.

ಅವಳು ವೈದ್ಯಕೀಯ ಓದುತ್ತಿದ್ದಳು. ಬಸಲಿಂಗಮ್ಮ ಅವಳ ಗುರು. ಅಂದಿನ ಪಾಠ ಆಮ್ಲಜನಕವನ್ನು ಹಿಡಿಯುವ ಎರಡು ಪ್ರೋಟೀನುಗಳದ್ದು. ರಕ್ತದಲ್ಲಿರುವುದು ಹಿಮೋಗ್ಲೋಬಿನ್. ಅದು ನಾಲ್ಕು ಭಾಗಗಳ ಜೋಡಣೆ. ಶ್ವಾಸಕೋಶದಲ್ಲಿ ತುಂಬಿಕೊಂಡು, ಬೇಕಾದಲ್ಲಿ ಸಲೀಸಾಗಿ ಬಿಟ್ಟುಕೊಡುತ್ತದೆ. ಸ್ನಾಯುವಿನಲ್ಲಿರುವುದು ಮಯೋಗ್ಲೋಬಿನ್. ಅದು ಒಂಟಿ. ಹಿಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ.

“ರಕ್ತದ ಕೈಯಲ್ಲಿರುವುದನ್ನೂ ಅದು ಕಿತ್ತುಕೊಳ್ಳುತ್ತದೆ ಎಂದಿರಿ. ಕಿತ್ತುಕೊಂಡು ಸುಮ್ಮನೆ ಕೂತಿರುತ್ತದೆ ಎಂದಿರಿ. ದುಡಿಯುವವರ ಮನೆಯಲ್ಲಿ ಅಂಥ ಜಿಪುಣಿಗೇನು ಕೆಲಸ?”

ಬಸಲಿಂಗಮ್ಮ ಪುಸ್ತಕ ಮುಚ್ಚಿದರು. ಕತೆ ಹೇಳಿದರು.

ಬೆಟ್ಟದ ಬುಡದಲ್ಲಿ ಒಂದು ಊರಿತ್ತು. ಬೆಟ್ಟದ ಮೇಲೆ ಊರಿನ ಕೊಳವಿತ್ತು. ಒಂದು ಬೇಸಿಗೆಯಲ್ಲಿ ಕೊಳ ಒಣಗಿದಾಗ ಅದರ ಕಟ್ಟೆ ಬಿರಿದಿರುವುದು ಕಣ್ಣಿಗೆ ಬಿತ್ತು. ಮಳೆ ಬಂದು ಕೊಳ ತುಂಬಿದರೆ ಕಟ್ಟೆ ಒಡೆಯುತ್ತದೆ. ಕಟ್ಟೆ ಒಡೆದರೆ ಊರು ಉಳಿಯುವುದಿಲ್ಲ. ಬಿರುಕಿಗೆ ಕೂರಿಸಲು ಊರವರು ಒಂದು ದೊಡ್ಡ ಕಲ್ಲು ಕಡಿದರು. ಅದಕ್ಕೆ ಹಗ್ಗ ಬಿಗಿದು ಬೆಟ್ಟಕ್ಕೆ ಎಳೆಯತೊಡಗಿದರು.

ಎಳೆಯುವವರಿಗೆ ಕುಡಿಯುವ ನೀರು ಊರಿನ ಬಾವಿಯಿಂದಲೇ ಹೋಗಬೇಕು. ನೀರು ಹೊರಲು ಐವರು ಹೆಂಗಸರು ನಿಂತರು. ಅವರಲ್ಲಿ ನಾಲ್ವರು ಅಕ್ಕತಂಗಿಯರು. ಒಬ್ಬಳು ಕೊಡ ತುಂಬಿದರೆ ಉಳಿದ ಮೂವರ ಕೊಡಗಳೂ ತುಂಬಿದಂತೆಯೇ. ಮೇಲೆ ಹೋಗಿ ಒಬ್ಬಳು ಬಗ್ಗಿಸಿದರೆ ಉಳಿದವರೂ ಬಗ್ಗಿಸಿಬಿಡುತ್ತಿದ್ದರು. ಬೆವರಿನ ಹುಳಿ ವಾಸನೆ ಮೂಗಿಗೆ ಬಡಿದರೆ ಸಾಕು, ಯಾರು ಏನೆಂದು ನೋಡುತ್ತಿರಲಿಲ್ಲ. ಖಾಲಿ ಕೊಡ ಹೊತ್ತು ನಗುತ್ತಾ ಇಳಿದು ಬರುತ್ತಿದ್ದರು. ಊರಿಗೆಲ್ಲ ಅವರೆಂದರೆ ಅಕ್ಕರೆ.

ಐದನೆಯವಳು ಒಂಟಿ ಹೆಂಗಸು. ಹಿಂದೆ ಮುಂದೆ ಯಾರೂ ಇಲ್ಲದವಳು. ಅವಳ ಕೊಡ ಅವಳೇ ದುಡಿದು ಕೊಂಡದ್ದು, ಅವಳ ಮಾತೂ ಹಾಗೆಯೇ, ಯಾರಿಂದಲೂ ಸಾಲ ತಂದದ್ದಲ್ಲ. ಬೆಟ್ಟ ಹತ್ತಿದ ಮೊದಲ ದಿನ ಒಬ್ಬ ಬೊಗಸೆ ಒಡ್ಡಿ ಬಂದ.

“ನೀರು ಹಾಕಕ್ಕ, ಜೀವ ಹೋಗ್ತಿದೆ.”

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಜೀವ ಹೋಗುವವನ ನಾಲಿಗೆ ಇಷ್ಟು ಚೆನ್ನಾಗಿ ಆಡುವುದಿಲ್ಲಪ್ಪ. ಹೋಗು, ಇನ್ನೂ ನಾಲ್ಕು ಮಾರು ಎಳಿ” ಎಂದಳು.

ಕೇಳಿದವರಿಗೆಲ್ಲ ಅದೇ ಉತ್ತರ. ಮೊದಲು ಕೂಗುವವನು ಬಾಯಾರಿದವನಲ್ಲ, ಬಾಯಿ ಇದ್ದವನು ಎಂಬುದು ಅವಳ ಲೆಕ್ಕ. ಸಂಜೆ ತುಂಬಿದ ಕೊಡ ತುಂಬಿದಂತೆಯೇ ಇಳಿಯಿತು. ಬಾವಿಕಟ್ಟೆಯಲ್ಲಿ ಊರ ಗೌಡ ಅದನ್ನು ಬಗ್ಗಿ ನೋಡಿದ.

“ಏನವ್ವಾ, ನಮ್ಮ ಬಾವಿಯ ನೀರಿಗೆ ಬೆಟ್ಟ ತೋರಿಸಿಕೊಂಡು ಬಂದೆಯಾ?” ಎಂದ. ನೆರೆದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕತಂಗಿಯರೂ ಸೆರಗಿನ ಮರೆಯಲ್ಲಿ ನಕ್ಕರು. ಗೌಡ ಮಾತು ಮುಗಿಸಿದ. “ನಾಳೆಯಿಂದ ನೀನು ಹೊರಬೇಡ. ಮನೆಯಲ್ಲಿರು.”

“ಹೊರಬೇಡ ಎಂದರೆ ಹೊರುವುದಿಲ್ಲ. ಮನೆಯಲ್ಲಿರು ಎನ್ನಲು ನೀವು ಯಾರು?” ಎಂದಳು ಅವಳು. “ಈ ಕೊಡ ನನ್ನದು, ಊರೂ ನನ್ನದು. ಕಲ್ಲು ಎಲ್ಲಿರುತ್ತದೋ ನಾನೂ ಅಲ್ಲಿರುತ್ತೇನೆ.”

ಅವಳು ಹೇಳಿದಂತೆಯೇ ಮಾಡಿದಳು. ಬೆಟ್ಟದ ನಡುವೆ ಎರಡು ಬಂಡೆಗಳ ಸಂದು. ಮೇಲಕ್ಕೆ ಹೋಗಲು ಅದೊಂದೇ ದಾರಿ. ಅಲ್ಲಿ ಬಂಡೆಯಲ್ಲೊಂದು ಗೂಡಿತ್ತು. ಅವಳು ಅದರಲ್ಲಿ ಹೋಗಿ ಕೂತಳು. ಅಕ್ಕತಂಗಿಯರು ನೀರು ಹೊತ್ತು ಬಂದಾಗಲೆಲ್ಲ ಕೊಡ ಮುಂದೆ ನೂಕಿ “ಸುರಿ” ಎನ್ನುತ್ತಿದ್ದಳು. ಇಲ್ಲ ಎನ್ನಲು ಅವರಿಗೆ ಬಾರದು. ಸುರಿದು ಹೋಗುತ್ತಿದ್ದರು. ಕೊಡ ಕಂಠದವರೆಗೆ ತುಂಬಿತು. ಅವಳು ಅದಕ್ಕೆ ಎರಡೂ ಕೈ ಸುತ್ತಿ ಕೂತಳು.

ಎಳೆಯುವವರಿಗೆ ಅವಳೊಂದು ತಮಾಷೆಯಾದಳು. “ಕೊಡಕ್ಕೆ ಕಾವು ಕೊಡ್ತಿದ್ದೀಯೇನಕ್ಕ? ಮರಿ ಎಂದು?” ಎಂದು ಒಬ್ಬ ಕೇಳಿದ. ಅವಳು ಕಣ್ಣೆತ್ತಿಯೂ ನೋಡಲಿಲ್ಲ. ಆದರೆ ಆ ಮಾತು ನಾಟಿತು. ತಾನು ಹಿಡಿದದ್ದು ತಪ್ಪಾಗಿದ್ದರೆ ಇನ್ನು ಈ ಊರಿನಲ್ಲಿ ತಲೆಯೆತ್ತಿ ಬಾಳುವಂತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಿಡಿತ ಮಾತ್ರ ಸಡಿಲಿಸಲಿಲ್ಲ.

ಕಲ್ಲು ಸಂದಿಗೆ ಬಂತು. ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಆಳುಗಳು ಸಂದಿನೊಳಗೆ ಹೋಗಿ, ಎರಡೂ ಬದಿಯ ಬಂಡೆಗೆ ಕಾಲು ಕೊಟ್ಟು, ಹಿಂದಕ್ಕೆ ವಾಲಿ ಎಳೆದರು. ಎಳೆದಷ್ಟೂ ಅವರ ಮೈಯೇ ದಾರಿಯನ್ನು ತುಂಬಿತು. ಸೂಜಿ ತೂರಲೂ ಎಡೆ ಉಳಿಯಲಿಲ್ಲ. ತುಂಬಿದ ಕೊಡ ಹೊತ್ತ ಅಕ್ಕತಂಗಿಯರು ಕಲ್ಲಿನ ಕೆಳಗೇ ನಿಂತರು. ಅಷ್ಟು ನೀರು ಅಲ್ಲಿತ್ತು, ಒಂದು ಹನಿಯೂ ಇತ್ತ ಬರುವಂತಿರಲಿಲ್ಲ.

ಕಲ್ಲು ಅರ್ಧ ಏರಿ ನಿಂತಿತು. ನುಣುಪು ಬಂಡೆಯ ಮೇಲೆ ಅಡ್ಡ ಕೊಟ್ಟ ಮರ ನಿಲ್ಲಲಿಲ್ಲ. ಹಗ್ಗ ಬಿಟ್ಟರೆ ಕಲ್ಲು ಕೆಳಗೆ ನಿಂತ ನಾಲ್ವರ ಮೇಲೆ ಉರುಳಿ ಊರಿನತ್ತ ಹೋಗುತ್ತದೆ. ಹಿಡಿಯೋಣವೆಂದರೆ ತೋಳುಗಳಲ್ಲಿ ಕಸುವಿಲ್ಲ. ದನಿ ಕೊಟ್ಟು ಎಳೆಸುತ್ತಿದ್ದವನ ಗಂಟಲು ಕಟ್ಟಿತು. ಹಗ್ಗ ಒಂದು ಗೇಣು ಹಿಂದೆ ಜಾರಿತು. ಯಾರೂ ಕೂಗಲಿಲ್ಲ. ಯಾರೂ ನೀರು ಕೇಳಲಿಲ್ಲ.

ಆಗ ಅವಳು ಎದ್ದಳು.

ಮೊದಲು ಬಗ್ಗಿಸಿದ್ದು ದನಿ ಕೊಡುವವನ ಬಾಯಿಗೆ. ಆಮೇಲೆ ಅವನ ಪಕ್ಕದವನಿಗೆ. ಹಗ್ಗ ಹಿಡಿದವರ ಹೆಗಲ ಮೇಲೆ ಕೈಯೂರಿ, ಮೊಣಕಾಲುಗಳ ಮೇಲೆ ಕಾಲಿಟ್ಟು, ಬಾಯಿಂದ ಬಾಯಿಗೆ ಕೊಡ ದಾಟಿಸುತ್ತಾ ಹೋದಳು. ಒಬ್ಬೊಬ್ಬರಿಗೆ ಒಂದೇ ಗುಟುಕು. ತುಟಿಗೆ ಹಚ್ಚಿಕೊಂಡು ಬಿಡದವನ ತಲೆಗೆ ಮೊಟಕಿದಳು. ಅಷ್ಟು ದಿನ ಒಂದು ತೊಟ್ಟೂ ಬಿಡದ ಕೊಡ ಕೊನೆಯವನ ಬಾಯಲ್ಲಿ ಬರಿದಾಯಿತು. ಅದು ದಿನವಿಡೀ ಸಾಲುವ ನೀರಲ್ಲ. ಒಂದು ಎಳೆತಕ್ಕೆ ಸಾಲುವ ನೀರು.

“ಎಳೀರೋ!” ಎಂದು ಅವಳೇ ದನಿ ಕೊಟ್ಟಳು.

ಎಳೆದರು. ಕಲ್ಲು ಗೊರಗೊರ ಸದ್ದು ಮಾಡಿ ಏರಿತು. ಸಂದು ದಾಟಿ ಸಮನೆಲದ ಮೇಲೆ ಕೂತಿತು. ಆಳುಗಳು ಹಗ್ಗ ಬಿಟ್ಟು ಅಂಗಾತ ಬಿದ್ದರು. ದಾರಿ ತೆರೆಯಿತು. ಅಕ್ಕತಂಗಿಯರು ಓಡಿ ಬಂದು ಸಿಕ್ಕಿದವರಿಗೆಲ್ಲ ನೀರು ಸುರಿದರು. ಅವರಲ್ಲಿ ಹಿರಿಯವಳು ಗೂಡಿನ ಮುಂದೆ ಬಂದು ನಿಂತಳು. ಈ ಸಲ ಅವಳು ನಗಲಿಲ್ಲ. ಕೇಳುವ ಮೊದಲೇ ಖಾಲಿ ಕೊಡಕ್ಕೆ ನೀರು ತುಂಬಿದಳು.

ಸಂಜೆಯೊಳಗೆ ಕಲ್ಲು ಬಿರುಕಿನಲ್ಲಿ ಕೂತಿತು. ಮಳೆ ಹೊಯ್ಯಿತು. ಕೊಳ ತುಂಬಿ ತುಳುಕಿತು, ಕಟ್ಟೆ ಅಲುಗಲಿಲ್ಲ. ಗೌಡ ಬೆಟ್ಟ ಹತ್ತಿ ಬಂದು ಅವಳ ಮುಂದೆ ತಲೆಯ ರುಮಾಲು ತೆಗೆದು ನಿಂತ.

“ಏನು ಕೊಡಲವ್ವಾ? ಕೇಳು.”

“ಕೊಡುವುದು ನಿಮ್ಮಿಂದ ಆಗುವುದಿಲ್ಲ, ಬಿಡಿ” ಎಂದಳು ಅವಳು. “ಇನ್ನು ಮೇಲೆ ಈ ಸಂದಿನಲ್ಲಿ ಯಾವ ಕಲ್ಲು ಎಳೆದರೂ ಈ ಗೂಡು ನನ್ನದು. ಇಲ್ಲಿಂದ ಏಳು ಎಂದು ಯಾರೂ ಅನ್ನಬಾರದು.”

ಅಂದಿನಿಂದ ಯಾರೂ ಅನ್ನಲಿಲ್ಲ.

ಬಸಲಿಂಗಮ್ಮ ಕತೆ ನಿಲ್ಲಿಸಿದರು. ರುದ್ರಾಣಿಯ ಮುಖ ಅರಳಿತ್ತು. ಅವಳಿಗೆ ಎಲ್ಲವೂ ಸರಿಯಾಗಿ ಕೂತಿತು. ನೀರೆಂದರೆ ಆಮ್ಲಜನಕ. ನಾಲ್ವರು ಅಕ್ಕತಂಗಿಯರು ಹಿಮೋಗ್ಲೋಬಿನ್. ಗೂಡಿನಲ್ಲಿ ಕೂತವಳು ಮಯೋಗ್ಲೋಬಿನ್. ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳವನ್ನು ತಾನೇ ಅದುಮುತ್ತದೆ. ರಕ್ತ ಬಾರದ ಆ ಗಳಿಗೆಗೆಂದೇ ಅವಳು ಹಿಡಿದಿಟ್ಟುಕೊಂಡಿರುತ್ತಾಳೆ.

ಆದರೂ ಒಂದು ಪ್ರಶ್ನೆ ಉಳಿಯಿತು.

“ಕಲ್ಲು ಎಳೆಯುವ ತೋಳಿಗೆ ಅವಳು ಬೇಕು ಅಮ್ಮಾ, ಒಪ್ಪಿದೆ. ಹೃದಯದ ಸ್ನಾಯುವಿನಲ್ಲೂ ಅವಳು ತುಂಬಿಕೊಂಡಿದ್ದಾಳಲ್ಲ, ಏಕೆ? ಅದು ಯಾವ ಕಲ್ಲು ಎಳೆಯುತ್ತದೆ? ಅಲ್ಲಿ ದಾರಿ ಮುಚ್ಚುವುದು ಯಾವಾಗ?”

ಬಸಲಿಂಗಮ್ಮ ಅವಳ ಕೈ ಹಿಡಿದು ಅವಳ ಎದೆಯ ಮೇಲೆಯೇ ಇಟ್ಟರು.

“ಒಂದೊಂದು ಬಡಿತಕ್ಕೂ ಮಗಳೇ, ಇಗೋ, ಈಗ ಮುಚ್ಚಿತು.”