ನೇಕಾರ ಗುಣವಾದ ದಿನ

‘ಊಹಿಸು ನೋಡೋಣ. ಒಬ್ಬ ನೇಕಾರನಿಗೆ ಗುದನಾಳದ ಕ್ಯಾನ್ಸರ್ ಆಗಿತ್ತು. ಒಂದು ದಿನ ಆಪರೇಷನ್ ಮಾಡಿ ಅದನ್ನು ತೆಗೆದರು. ಇನ್ನೊಂದು ದಿನ ಹೊಲಿಗೆ ಬಿಚ್ಚಿದರು. ಎರಡು ವರ್ಷದ ಮೇಲೆ ಮತ್ತೊಂದು ದಿನ, ಎಲ್ಲ ಪರೀಕ್ಷೆ ಮಾಡಿ, ರೋಗದ ಕುರುಹೂ ಇಲ್ಲ ಎಂದರು. ಅವನು ಗುಣವಾದದ್ದು ಯಾವ ದಿನ?’

ಹೀಗೆ ಕೇಳಿದವರು ವೈದ್ಯಕೀಯ ಕಾಲೇಜಿನಿಂದ ನಿವೃತ್ತರಾದ ಗುರುಗಳು. ಎದುರು ಕುಳಿತವನು ಅವರ ಶಿಷ್ಯ, ಹೊಸದಾಗಿ ದವಾಖಾನೆ ತೆರೆದ ವೈದ್ಯ. ಮೊದಲು ಪ್ರಶ್ನೆ ತಂದವನು ಅವನೇ. ‘ಸರ್, ನನ್ನ ರೋಗಿಯೊಬ್ಬರಿಗೆ ರೋಗ ಹೋಗಿದೆ. ಆದರೂ ಮಂಚ ಬಿಟ್ಟು ಏಳುವುದಿಲ್ಲ. ಗುಣವಾದ ದಿನ ಅಂತ ಫೈಲಿನಲ್ಲಿ ಯಾವುದನ್ನು ಬರೆಯಲಿ?’ ಎಂದಿದ್ದ.

ಈಗ ಸ್ವಲ್ಪ ಯೋಚಿಸಿ, ‘ಮೂರನೆಯ ದಿನ’ ಎಂದ.

‘ನಾನೂ ಹಾಗೇ ಬರೆದಿದ್ದೆ ಕಣಯ್ಯ’ ಎಂದು ಗುರುಗಳು ಖುಷಿಯಿಂದ ತೊಡೆ ತಟ್ಟಿಕೊಂಡರು. ‘ಕೇಳು.’

ಆ ನೇಕಾರನ ಗುದನಾಳವನ್ನು ಪೂರ್ತಿ ತೆಗೆಯಬೇಕಾಯಿತು. ಹೊಟ್ಟೆಯ ಎಡಗಡೆ ಒಂದು ದಾರಿ ಮಾಡಿ, ಮಲ ಬಂದು ಬೀಳಲು ಅಲ್ಲಿಗೊಂದು ಚೀಲ ಅಂಟಿಸಿದರು. ಇನ್ನು ಬದುಕಿರುವಷ್ಟು ದಿನ ಹಾಗೆಯೇ. ಅವನು ಬದುಕಿದ. ಆದರೆ ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗಕ್ಕೆ ಇಳಿಯಲಾಗಲಿಲ್ಲ. ಕೂತರೆ ಹಿಂದೆ ನೋವು, ಬಾಗಿದರೆ ಮಗ್ಗದ ದಿಂಡು ಚೀಲಕ್ಕೆ ತಾಗುತ್ತದೆ. ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ. ಅವನ ಊರು ಅಷ್ಟೇ ಆಯಿತು.

ದಿನಾ ಅರ್ಧ ಗಂಟೆ ನಡೆಯಪ್ಪಾ, ಅಂದೆ. ‘ಎಲ್ಲಿಗಿ ನಡೀಲ್ರೀ ಸಾಹೇಬ್ರ? ನಡು ದಾರ್ಯಾಗ ಚೀಲ ಬಿಚ್ಚಿದ್ರ ಮಾರಿ ಎಲ್ಲಿಡ್ಲಿ?’ ಅಂದ. ನಾನು ಮೂವತ್ತು ವರ್ಷ ಪಾಠ ಹೇಳಿದವನು. ನಡೆ ಎಂದೇ ಮತ್ತೊಮ್ಮೆ ಬರೆದುಕೊಟ್ಟೆ.

ಅವನಿಗೊಬ್ಬ ಅಕ್ಕ. ಏಳು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿದ್ದಳು. ನಾಗರ ಪಂಚಮಿಗೆ ಅಕ್ಕತಂಗಿಯರನ್ನು ತವರಿಗೆ ಕರೆತರುವುದು ಆ ಕಡೆಯ ರೂಢಿ. ಕರೆಯಲು ಅಣ್ಣನೋ ತಮ್ಮನೋ ಹೋಗಬೇಕು. ನಲವತ್ತು ವರ್ಷ ಅವನು ತಪ್ಪಿಸಿರಲಿಲ್ಲ. ಆಪರೇಷನ್ ಆದ ವರ್ಷ ತಪ್ಪಿತು. ಮರುವರ್ಷ ರಿಕ್ಷಾ ಕಳಿಸಿದ. ರಿಕ್ಷಾ ಖಾಲಿ ಬಂತು. ‘ನನಗ ತಮ್ಮ ಅದಾನ, ರಿಕ್ಷಾ ತಮ್ಮ ಅಲ್ಲ’ ಎಂದು ಹೇಳಿ ಕಳಿಸಿದ್ದಳು. ಅಕ್ಕನಿಗೆ ಎಪ್ಪತ್ತೆರಡು. ಇನ್ನೆಷ್ಟು ಪಂಚಮಿ ಉಳಿದಿವೆ ಎಂಬುದೇ ಅವನ ಕೊರಗು. ಆದರೂ ಚೀಲದ ವಿಷಯ ಅವಳಿಗೆ ತಿಳಿಯಕೂಡದು ಎಂದು ಹೆಂಡತಿಯಿಂದ ಆಣೆ ಹಾಕಿಸಿಕೊಂಡಿದ್ದ.

ಹೆಂಡತಿ ವಾದ ಮಾಡುವವಳಲ್ಲ. ಒಂದು ಬೆಳಿಗ್ಗೆ ನೂಲಿನ ಬುಟ್ಟಿ ತಂದು ಮಂಚದ ಮುಂದಿಟ್ಟಳು.

‘ಹಾಸು ಹಾಕಾಕಿ ಬಾಣಂತನಕ್ಕ ಹೋಗ್ಯಾಳ. ನೀವ ಹಾಕ್ರಿ.’

‘ಓಣ್ಯಾಗ ಮಂದಿ ಇರ್ತಾರ.’

‘ಮಂದಿ ನೂಲು ನೋಡ್ತಾರ, ನಿಮ್ಮ ಹೊಟ್ಟಿ ಅಲ್ಲ. ಬಾಗಲಾ ಹದಿನೈದ ಹೆಜ್ಜಿ ಮ್ಯಾಲೈತಿ. ಸಡಿಲ ಆತಂದ್ರ ಒಳಗ ಬರ್ರಿ.’

ಹಾಸು ಎಂದರೆ ಸೀರೆಯ ಉದ್ದದ ಎಳೆಗಳು. ಮಗ್ಗಕ್ಕೆ ಏರಿಸುವ ಮೊದಲು ಅವನ್ನು ಓಣಿಯಲ್ಲಿ ಸಾಲು ಗೂಟ ನೆಟ್ಟು ಎಳೆಯುತ್ತಾರೆ. ನೂಲು ಹಿಡಿದು ಈ ತುದಿಯಿಂದ ಆ ತುದಿಗೆ ನಡೆಯಬೇಕು, ಮತ್ತೆ ಬರಬೇಕು. ಅವನ ಮನೆಯ ಬಾಗಿಲು ಆ ಸಾಲಿಗೆ ಸರಿ ನಡುವೆ ಇತ್ತು. ಎತ್ತ ಹೋದರೂ ದೂರವಾಗದು.

ಮೊದಲ ದಿನ ಹನ್ನೆರಡು ಸಲ ಹೋಗಿಬಂದ. ಕಟ್ಟೆಯ ಮೇಲೆ ಒರಗಿದ. ‘ಏನ್ ಕಾಕಾ, ಬ್ಯಾಟರಿ ಇಳೀತೇನು?’ ಎಂದಳು ಎದುರುಮನೆಯ ಸೊಸೆ. ‘ಚಾರ್ಜ್ ಆಗಾಕತ್ತೈತಿ, ನೀ ವೈರ್ ಕೀಳಬ್ಯಾಡ’ ಎಂದ. ಎರಡು ವರ್ಷದಲ್ಲಿ ಅವನಾಡಿದ ಮೊದಲ ತಮಾಷೆ ಅದು. ಹೆಂಡತಿ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳಂತೆ.

ತಿಂಗಳು ಕಳೆಯಿತು. ಹನ್ನೆರಡು ಐವತ್ತಾಯಿತು. ಹಸಿವು ಬಂತು. ನಿದ್ದೆ ಬಂತು. ಎರಡು ಸಲ ಚೀಲ ಸಡಿಲವಾಯಿತು, ಒಳಗೆ ಹೋಗಿ ಬದಲಿಸಿ ಬಂದ. ನಾಲ್ಕು ತಿಂಗಳಿಗೆ ಒಂದೇ ಬೆಳಿಗ್ಗೆ ಒಂದು ಹಾಸು ಮುಗಿಸತೊಡಗಿದ. ಇನ್ನೂರು ಎಳೆತ.

ಶ್ರಾವಣ ಬಂತು. ಹೆಂಡತಿ ರೊಟ್ಟಿ ಬಡಿಯುತ್ತಲೇ ಹೇಳಿದಳು, ‘ಅಕ್ಕನ್ನ ಕರಕೊಂಡ ಬರ್ರಿ.’

‘ಏಳ ಕಿಲೋಮೀಟರ್! ನನ್ನ ಕಾಲಾಗ ಎಲ್ಲೈತಿ ಅಷ್ಟು?’

‘ಒಂದು ಹಾಸು ಮುಗಿಸಾಕ ಎಷ್ಟ ಸಲ ಹೋಗಿಬರ್ತೀರಿ?’

‘ಇನ್ನೂರು.’

‘ಹೋಗಿಬಂದ್ರ ಎಷ್ಟ ಮೀಟರ್?’

‘ಮೂವತ್ತಾರು.’

ಅವನು ಎಳೆ ಎಣಿಸುತ್ತಿದ್ದ. ಹೆಜ್ಜೆ ಎಣಿಸಿರಲಿಲ್ಲ. ಯಾವ ನೇಕಾರನೂ ಎಣಿಸುವುದಿಲ್ಲ. ಬೆರಳು ಮಡಚಿ ಲೆಕ್ಕ ಹಾಕಿದ. ಮತ್ತೊಮ್ಮೆ ಹಾಕಿದ. ಏಳು ಸಾವಿರದ ಇನ್ನೂರು ಮೀಟರ್.

‘ದಿನಾ ಅಕ್ಕನ ಮನೀಗಿ ಹೋಗೀರಿ. ಬಾಗಲಾ ಬಡದಿಲ್ಲ, ಅಷ್ಟ’ ಎಂದು ಹೆಂಡತಿ ರೊಟ್ಟಿ ತಿರುವಿ ಹಾಕಿದಳು.

ಪಂಚಮಿಗೆ ಎರಡು ದಿನ ಮೊದಲು, ಬಿಸಿಲೇರುವ ಮುನ್ನ ಅವನು ನಡೆದೇ ಹೊರಟ. ಹೆಗಲಚೀಲದಲ್ಲಿ ಒಂದು ಬಾಟಲಿ ನೀರು, ಒಂದು ಹೊಸ ಚೀಲ, ಅಕ್ಕನಿಗೆ ಎಳ್ಳುಂಡೆ. ಸರಿ ನಡು ದಾರಿಯಲ್ಲಿ, ಒಂದು ಮನೆಯೂ ಇಲ್ಲದ ಕಡೆ, ಹೊಟ್ಟೆಯ ಚೀಲದ ಅಂಚು ಬಿಟ್ಟುಕೊಂಡಿತು. ಎರಡು ವರ್ಷ ಯಾವುದಕ್ಕೆ ಹೆದರಿದ್ದನೋ ಅದೇ. ಮೆಕ್ಕೆಜೋಳದ ಹೊಲಕ್ಕೆ ಇಳಿದ. ತೊಳೆದುಕೊಂಡ. ಹೊಸದನ್ನು ಅಂಟಿಸಿದ. ಧೋತರ ಝಾಡಿಸಿ ಮೇಲೆ ಬಂದ. ಒಂದು ಎಲೆಯಡಿಕೆ ಅಗಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಮುಂದೆ ನಡೆದ.

ಅಕ್ಕ ಹೊಸ್ತಿಲ ಮೇಲೆ ಕೂತಿದ್ದಳು. ‘ಯಾಕೋ ತಮ್ಮಾ, ಎರಡು ವರ್ಷ ಹಾದಿ ತಪ್ಪಿತ್ತೇನು?’

ಅವನು ಅಂಗಿ ಎತ್ತಿ ತೋರಿಸಿದ.

ಅವಳು ಬಗ್ಗಿ ನೋಡಿದಳು. ಆಮೇಲೆ ಅವನ ಬೆನ್ನಿಗೊಂದು ಗುದ್ದಿದಳು. ‘ಹುಚ್ಚಪ್ಪಾ! ಅವ್ವ ಹೊಲಕ್ಕ ಹೋದ್ರ ನಿನ್ನ ಕುಂಡಿ ತೊಳದಾಕಿ ಯಾರು? ನನ್ನ ಮುಂದ ನಾಚ್ತೀಯಾ?’

ಇಬ್ಬರೂ ಅತ್ತರು. ಆಮೇಲೆ ಇಬ್ಬರೂ ನಕ್ಕರು. ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದರು. ಅವನು ಕಿಟಕಿಯ ಪಕ್ಕ ಅಕ್ಕನನ್ನು ಕೂರಿಸಿ, ಕಂಬಿ ಹಿಡಿದು ನಿಂತಿದ್ದ. ಕಂಡಕ್ಟರ್ ಸೀಟು ತೋರಿಸಿದರೆ, ‘ನನಗ ನಿಂದರಾಕ ಬರ್ತೈತಿ’ ಎಂದನಂತೆ.

ಗುರುಗಳು ಕತೆ ನಿಲ್ಲಿಸಿದರು.

‘ಹಾಗಾದರೆ ನೀವು ಫೈಲಿನಲ್ಲಿ ಬರೆದಿದ್ದ ದಿನ, ಸರ್?’ ಎಂದ ಶಿಷ್ಯ.

‘ಗೀಟು ಎಳೆದು ಹೊಡೆದುಹಾಕಿದೆ. ಅದರ ಕೆಳಗೆ ಅವನ ಕೈಯಿಂದಲೇ ಬರೆಸಿದೆ.’

‘ಏನಂತ?’

‘ಶ್ರಾವಣ ಶುದ್ಧ ತದಿಗೆ, ಸೋಮವಾರ, ಎರಡು ಸಾವಿರದ ಹದಿನೈದನೆಯ ಇಸವಿ, ಆಗಸ್ಟ್ ಹದಿನೇಳು.’