ಮದುವೆಯ ಒಂಟೆಗೆಂದು ನೇಯ್ದ ಗಂಬಳಿ

“ಬುದ್ಧೀ, ನಿಜವಾದ ಭಕ್ತರು ಈಗ ಎಲ್ಲಿದ್ದಾರೆ?” ಎಂದು ಮರಿದೇವ ಗುರುಗಳನ್ನು ಕೇಳಿದ.

ಮರಿದೇವ ಮಠದ ಹಿರಿಯ ಶಿಷ್ಯ. ಯಾರ ಕಣ್ಣಿಗೂ ಬೀಳದೆ ಭಕ್ತಿಯಿಂದ ಬದುಕುವವರನ್ನು ಹುಡುಕಿ, ಮಠಕ್ಕೆ ಕರೆಸಿ, ಶಾಲು ಹೊದಿಸಬೇಕೆಂದು ತಾನೇ ಹಟ ಹಿಡಿದು ಊರೂರು ಅಲೆದು ಬಂದಿದ್ದ. ಮೊದಲ ಸಲ ಹೋದಾಗ ಕೆರೆಯ ಏರಿಯ ಮೇಲೆ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದ ಒಬ್ಬ ಮುದುಕ, ಇವನು ಹೊಗಳಿ ಶಾಲಿನ ಮಾತೆತ್ತಿ ಬಂದು ಮತ್ತೆ ಹೋದಾಗ ಇವನ ಮುಖ ನೋಡಿಕೊಂಡು ಹಾಡಿದನಂತೆ. ಉಳಿದ ಕಡೆಯೂ ಹೀಗೇ ಆಯಿತಂತೆ. ಜನರಲ್ಲಿ ಮೊದಲಿನ ಸಾಚಾತನ ಉಳಿದಿಲ್ಲ ಎಂದು ಮರಿದೇವ ಬಹಳ ಬೇಸರದಿಂದ ಹೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಹಳೆಯ ರತ್ನಗಂಬಳಿಗಳೆಂದರೆ ಅವನಿಗೆ ಪ್ರಾಣ. ಅದರಲ್ಲೂ ಮರಳುಗಾಡಿನ ತುರ್ಕಮನ್ ಹೆಂಗಸರು ನೇಯ್ದ ಕೆಂಪು ಗಂಬಳಿ ಕಂಡರೆ ಊಟ ನಿದ್ದೆ ಮರೆಯುತ್ತಿದ್ದ. ಗಂಬಳಿಯನ್ನು ಮಗುಚಿ ಹಾಕಿ, ಬೆನ್ನಿನ ಗಂಟುಗಳನ್ನು ಬೆರಳಿನಿಂದ ಸವರಿ ನೋಡುತ್ತಿದ್ದ. ಕೆಂಪು ಬಣ್ಣ ಗಿಡದ ಬೇರಿನಿಂದ ಬಂದದ್ದೋ ಅಂಗಡಿಯ ಪುಡಿಯಿಂದ ಬಂದದ್ದೋ, ನೋಡಿದೊಡನೆ ಹೇಳುತ್ತಿದ್ದ. ಆದರೆ ಅವನು ನಿಜವಾಗಿ ಹುಡುಕುತ್ತಿದ್ದುದು ಬಣ್ಣವನ್ನಲ್ಲ. ಗುಡಾರದ ಬಾಗಿಲಿಗೋ ಉಪ್ಪಿನ ಚೀಲಕ್ಕೋ ಎಂದು ಮನೆಯ ಹೆಂಗಸು ಮನೆಗಾಗಿಯೇ ನೇಯ್ದದ್ದು ಅವನಿಗೆ ಬೇಕು. ಮಾರಲೆಂದು ನೇಯ್ದದ್ದನ್ನು ಅವನು ಕಾಲಲ್ಲೂ ಮುಟ್ಟುತ್ತಿರಲಿಲ್ಲ.

ಅವನ ಬಳಿ ಅಂಥವು ಬೇಕಾದಷ್ಟಿದ್ದವು. ಮದುವೆಯ ಗಂಬಳಿ ಒಂದು ಮಾತ್ರ ಇರಲಿಲ್ಲ. ಆ ಜನರಲ್ಲಿ ಮದುವಣಗಿತ್ತಿ ಒಂಟೆಯ ಮೇಲೆ ಗಂಡನ ಮನೆಗೆ ಹೊರಡುತ್ತಾಳೆ. ಒಂಟೆಗೆ ಹೊದಿಸುವ ಗಂಬಳಿಯನ್ನು ಅವಳೇ ನೇಯಬೇಕು. ಗಂಡನ ಮನೆಯ ಹೆಂಗಸರು ಮೊದಲು ನೋಡುವುದು ಅದನ್ನು, ಆಮೇಲೆ ಹುಡುಗಿಯನ್ನು. ಅಂಥದ್ದನ್ನು ಯಾರು ತಾನೇ ಮಾರುತ್ತಾರೆ?

ಒಂದು ಚಳಿಗಾಲ ವ್ಯಾಪಾರಿ ಒಬ್ಬ ಕುರಿಗಾಹಿಯ ಗುಡಾರದಲ್ಲಿ ತಂಗಿದ. ಕುರಿಗಾಹಿಯ ಮಗಳು ನೆಲಕ್ಕೆ ಗೂಟ ಹೊಡೆದು ಕಟ್ಟಿದ ಮಗ್ಗದ ಮುಂದೆ ಕೂತು ತನ್ನ ಮದುವೆಯ ಗಂಬಳಿ ನೇಯುತ್ತಿದ್ದಳು. ಅರ್ಧ ಆಗಿತ್ತು. ಸಾಲು ಹೂಗಳ ನಡುವೆ ಒಂದು ಕಡೆ ಮಾತ್ರ ಒಂದು ಪುಟ್ಟ ಹಕ್ಕಿ ಕತ್ತು ಹಿಂದಕ್ಕೆ ತಿರುಗಿಸಿ ಕೂತಿತ್ತು. ಅವರ ಕುಲದ ಯಾವ ನಮೂನೆಯಲ್ಲೂ ಅದು ಇರಲಿಲ್ಲ. ಹುಡುಗಿಗೆ ಅವತ್ತು ಹಾಗೆ ಅನಿಸಿತ್ತು, ಹಾಕಿದ್ದಳು.

ವ್ಯಾಪಾರಿಗೆ ತಡೆದುಕೊಳ್ಳಲು ಆಗಲಿಲ್ಲ. ಇಂಥ ಹಕ್ಕಿಯನ್ನು ನಾನು ಎಲ್ಲೂ ನೋಡಿಲ್ಲ ಎಂದು ಬಾಯಿತುಂಬ ಹೊಗಳಿದ.

ಅತಿಥಿ ಹೊಗಳಿದ ವಸ್ತುವನ್ನು ಅತಿಥಿಗೇ ಕೊಡಬೇಕು, ಅದು ಅವರ ರೂಢಿ. ಪಾಪ, ವ್ಯಾಪಾರಿಗೆ ಇದು ಗೊತ್ತಿರಲಿಕ್ಕಿಲ್ಲ ಎಂದುಕೊಳ್ಳಬೇಡ. ಅಷ್ಟು ವರ್ಷ ಆ ಸೀಮೆಯಲ್ಲಿ ತಿರುಗಿದವನಿಗೆ ಚೆನ್ನಾಗಿಯೇ ಗೊತ್ತಿತ್ತು. ತಂದೆ ಮಗಳ ಮುಖ ನೋಡಿದ. ಮಗಳು ತಲೆ ತಗ್ಗಿಸಿದಳು. ನೇಯ್ದು ಮುಗಿದ ಮೇಲೆ ಗಂಬಳಿ ನಿಮ್ಮದು ಎಂದು ತಂದೆ ಮಾತು ಕೊಟ್ಟ. ವ್ಯಾಪಾರಿ ಉಪಚಾರಕ್ಕೆ ಬೇಡ ಬೇಡ ಎಂದು, ಹುಲ್ಲು ಚಿಗುರುವ ಹೊತ್ತಿಗೆ ಬಂದು ಒಯ್ಯುತ್ತೇನೆ ಎಂದು ಹೇಳಿ ಹೊರಟ.

ಅವಳ ಮದುವೆಯೂ ಅದೇ ಹೊತ್ತಿಗೆ ಗೊತ್ತಾಗಿತ್ತು. ಇನ್ನೊಂದು ಗಂಬಳಿ ನೇಯಲು ಮನೆಯಲ್ಲಿ ಉಣ್ಣೆ ಇರಲಿಲ್ಲ, ಇದ್ದಿದ್ದರೂ ಅಷ್ಟರೊಳಗೆ ಮುಗಿಯುತ್ತಿರಲಿಲ್ಲ.

ಹುಲ್ಲು ಚಿಗುರಿತು. ವ್ಯಾಪಾರಿ ಬಂದು ಗಂಬಳಿಯನ್ನು ಬಿಡಿಸಿ ನೋಡಿದ. ಮೊದಲಿನ ಅರ್ಧ ಅವನು ಕಂಡ ಹಾಗೆಯೇ ಇತ್ತು. ಎರಡನೆಯ ಅರ್ಧದಲ್ಲಿ ಒಂದೂ ಹೂವಿರಲಿಲ್ಲ, ಬರೀ ಹಕ್ಕಿಗಳು. ಎಲ್ಲವೂ ಒಂದೇ ಅಳತೆ, ಎಲ್ಲವೂ ಕತ್ತು ಹಿಂದಕ್ಕೆ. ಮಗುಚಿ ಹಾಕಿ ಬೆರಳಾಡಿಸಿದ. ಒಂದು ಗಂಟೂ ಹೆಚ್ಚು ಕಡಿಮೆ ಇರಲಿಲ್ಲ. ಇದೇನು ಹೀಗೆ ಮಾಡಿದೆ ಎಂದು ಕೇಳಿದ.

“ನಿಮಗೆ ಹಕ್ಕಿ ಹಿಡಿಸಿತು ಅಂದಿರಲ್ಲ, ಅದನ್ನೇ ಹಾಕಿದೆ” ಎಂದಳು ಹುಡುಗಿ. “ನನಗೆ ಬೇಕಾದ್ದು ಹಾಕೋದಕ್ಕೆ ಇದು ನನ್ನದಲ್ಲವಲ್ಲ.”

ಇದು ಸಂತೆಯ ಮಾಲು, ನನಗೆ ಬೇಡ ಎಂದು ವ್ಯಾಪಾರಿ ಗಂಬಳಿಯನ್ನು ಅಲ್ಲೇ ಬಿಟ್ಟು ಎದ್ದ. ಪರರಿಗೆ ಕೊಟ್ಟದ್ದನ್ನು ಮದುವೆಯ ಒಂಟೆಗೆ ಹೊದಿಸುವ ಹಾಗಿಲ್ಲ. ಹುಡುಗಿ ಬರಿ ಬೆನ್ನಿನ ಒಂಟೆಯ ಮೇಲೆ ಗಂಡನ ಮನೆಗೆ ಹೋದಳು. ಅಲ್ಲಿನ ಹೆಂಗಸರು ಒಂಟೆಯನ್ನು ನೋಡಿ ಮುಖ ಮುಖ ನೋಡಿಕೊಂಡರು. ದಾರಿಯುದ್ದಕ್ಕೂ ಅಳದೆ ಬಂದವಳು ಆಗ ಅತ್ತಳು. ವ್ಯಾಪಾರಿಯಂತೂ ಹೋದ ಹೋದ ಕಡೆ, ಈಗಿನ ಹುಡುಗಿಯರಿಗೆ ಮನಸ್ಸಿಟ್ಟು ನೇಯುವುದೇ ತಿಳಿಯದು ಎಂದು ಹೇಳಿಕೊಂಡು ತಿರುಗಿದ.

ಗುರುಗಳು ಕತೆ ನಿಲ್ಲಿಸಿದರು.

“ಆ ಹುಡುಗಿಯನ್ನು ನೆನೆದರೆ ಸಂಕಟವಾಗುತ್ತದೆ, ಬುದ್ಧೀ. ಆದರೂ ವ್ಯಾಪಾರಿ ಕಂಡದ್ದು ಸುಳ್ಳಲ್ಲ. ಎರಡನೆಯ ಅರ್ಧ ಅವಳ ಮನಸ್ಸಿನಿಂದ ಬಂದದ್ದಲ್ಲ” ಎಂದ ಮರಿದೇವ.

“ಹಾಗಾದರೆ ಯಾರ ಮನಸ್ಸಿನಿಂದ ಬಂದದ್ದು?” ಎಂದರು ಗುರುಗಳು.

ಮರಿದೇವನಿಗೆ ತನ್ನ ಮುಖ ನೋಡಿಕೊಂಡು ಹಾಡಿದ ಮುದುಕ ನೆನಪಾದ.